ಏಳನೇ ನಂಬರಿನ ಕೆಮಿಕಲ್

"ಏಳನೇ ನಂಬರ್, ಸೋಡಿಯಂ ಕ್ಲೋರೈಡ್. ಬರಿ," ಎಂದರು ಹೆಡ್‌ಮಿಸ್, ಮೊಬೈಲಿನಿಂದ ಕಣ್ಣು ತೆಗೆಯದೆ.

ಸ್ಟೂಲ್ ಮೇಲೆ ನಿಂತಿದ್ದ ಹುಡುಗಿಯ ಚಾಕ್‌ಪೀಸ್ ತಡವರಿಸಿತು. ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ಶಾಲೆಯ ಎಲ್ಲ ಬೋರ್ಡೂ ಅವಳ ಪಾಲಿಗೆ ಬರುತ್ತಿತ್ತು. ಈ ಬೋರ್ಡಿನ ನೆತ್ತಿಯ ಮೇಲೆ 'ನಮ್ಮದು ಕೆಮಿಕಲ್ ಮುಕ್ತ ಶಾಲೆ' ಎಂದಿತ್ತು. ಕೆಳಗೆ ನಿಷೇಧಿಸಿದ ವಸ್ತುಗಳ ಪಟ್ಟಿ. ಮುಂದಿನ ವಾರ ಬರುವ ಇನ್‌ಸ್ಪೆಕ್ಟರಿಗೆ ಇಷ್ಟವಾದರೆ ಶಾಲೆಗೆ ಒಂದು ದೊಡ್ಡ ಕಪ್ ಸಿಗುತ್ತದಂತೆ.

"ಮಿಸ್, ಅದು..."

"ಯಾಕೆ, ಸ್ಪೆಲಿಂಗ್ ಬರಲ್ವಾ?"

ಸ್ಪೆಲಿಂಗ್ ಚೆನ್ನಾಗಿಯೇ ಬರುತ್ತಿತ್ತು. ಅಮ್ಮ ಕೆಲಸ ಮಾಡುವ ನೀರಿನ ಪ್ಲಾಂಟಿನಲ್ಲಿ ಆ ಹೆಸರಿನ ಮೂಟೆಗಳು ಸೂರು ಮುಟ್ಟುವಷ್ಟಿದ್ದವು. ಒಳಗಿದ್ದದ್ದು ಬರೀ ಉಪ್ಪು. ಅಮ್ಮ ಅದನ್ನು ನೀರಿನಲ್ಲಿ ಕರಗಿಸಿ, ಮೆಷಿನ್ನಿಗೆ ಬಿಟ್ಟು, ಕರೆಂಟ್ ಹಾಯಿಸಿ ಕ್ಲೋರಿನ್ ನೀರು ಮಾಡುತ್ತಿದ್ದಳು. ಕುಡಿಯುವ ನೀರಿನ ಕ್ರಿಮಿಗಳನ್ನು ಕೊಲ್ಲುವುದು ಅದೇ. ಶಾಲೆಯ ಟ್ಯಾಂಕಿಗೂ ವಾರಕ್ಕೊಂದು ಕ್ಯಾನ್ ಅಲ್ಲಿಂದಲೇ ಬರುತ್ತಿತ್ತು.

ಆದರೆ ಅಮ್ಮನ ಕೈಗೆ, ಬಟ್ಟೆಗೆ, ಅವಳು ಇಸ್ತ್ರಿ ಮಾಡಿದ ಮಗಳ ಯೂನಿಫಾರ್ಮಿಗೂ ಅದರ ವಾಸನೆ. ಕ್ಲಾಸಿನಲ್ಲಿ ಹುಡುಗಿಗೆ 'ಬ್ಲೀಚಿಂಗ್' ಎಂದೇ ಹೆಸರು ಬಿದ್ದಿತ್ತು. ಅದಕ್ಕೇ ಅವಳು, "ನನ್ನನ್ನ ಕರ್ಕೊಂಡು ಹೋಗೋಕೆ ಬಂದ್ರೆ ಗೇಟ್ ಹತ್ರ ಬರಬೇಡ, ಆಚೆ ಲೈಟುಕಂಬದ ಹತ್ರ ನಿಂತಿರು," ಎಂದು ಅಮ್ಮನಿಗೆ ಹೇಳಿಬಿಟ್ಟಿದ್ದಳು. ಅಮ್ಮ ಯಾಕೆ ಎಂದು ಕೇಳಿರಲಿಲ್ಲ.

ಈಗ ಉಪ್ಪಿನ ವಿಷಯ ಬಾಯಿಬಿಟ್ಟರೆ ಇಡೀ ಕ್ಲಾಸು ಮೂಗು ಮುಚ್ಚಿಕೊಳ್ಳುತ್ತದೆ. ಅವಳು ತೆಪ್ಪಗೆ ಬರೆದಳು. ಅದಕ್ಕೂ ಮೊದಲು ನಾಲ್ಕನೇ ನಂಬರ್ 'ಕ್ಲೋರಿನ್' ಎಂದು ಬರೆಯುವಾಗಲೂ ತೆಪ್ಪಗೇ ಇದ್ದಿದ್ದಳು. ಅವತ್ತೇ ಹೆಡ್‌ಮಿಸ್ ಕ್ಲೋರಿನ್ ಕ್ಯಾನನ್ನು ಸ್ಟೋರ್‌ರೂಮಿನಲ್ಲಿಟ್ಟು ಬೀಗ ಹಾಕಿಸಿದರು.

ಮರುದಿನದಿಂದ ಅವಳು ಮನೆಯಿಂದ ನೀರಿನ ಬಾಟಲಿ ತರತೊಡಗಿದಳು. ಉಳಿದವರೆಲ್ಲ ನಲ್ಲಿ ನೀರನ್ನೇ ಕುಡಿಯುತ್ತಿದ್ದರು. ಪಕ್ಕದ ಬೆಂಚಿನ ಗುಂಡ ಹೊಟ್ಟೆನೋವೆಂದು ಎರಡು ದಿನ ಬರಲಿಲ್ಲ. ಅವಳು ಬಾಟಲಿಯನ್ನು ಮುಚ್ಚಳ ತೆಗೆಯದೆ ಮನೆಗೆ ವಾಪಸು ಒಯ್ದಳು.

ಇನ್‌ಸ್ಪೆಕ್ಟರ್ ಬಂದರು, ಬೋರ್ಡ್ ನೋಡಿ ತಲೆದೂಗಿದರು, ಮಕ್ಕಳ ಜೊತೆ ಊಟಕ್ಕೆ ಕುಳಿತರು. ಒಂದು ಚಮಚ ಸೂಪ್ ಬಾಯಿಗಿಟ್ಟವರು ಚಮಚ ಕೆಳಗಿಟ್ಟರು. ಹೆಡ್‌ಮಿಸ್ ಮುಖ ಹುಳ್ಳಗಾಯಿತು.

"ಎಷ್ಟು ನ್ಯಾಚುರಲ್ ರುಚಿ ಅಲ್ವಾ ಸರ್," ಎಂದರು ಗಣಿತದ ಮೇಷ್ಟ್ರು, ಕಷ್ಟಪಟ್ಟು ನುಂಗುತ್ತಾ.

"ಅದೇನೋ ಸರಿ. ಸ್ವಲ್ಪ ಉಪ್ಪು ಕೊಡ್ತೀರಾ?"

"ಉಪ್ಪು ಬ್ಯಾನ್ ಆಗಿದೆ ಸರ್, ಏಳನೇ ನಂಬರ್," ಎಂದಳು ಅಡುಗೆಯವಳು. "ಡಬ್ಬ ಸ್ಟೋರ್‌ರೂಮಲ್ಲಿದೆ."

"ಯಾರು ಹೇಳಿದ್ದು ನಿನಗೆ?" ಹೆಡ್‌ಮಿಸ್ ದನಿ ಕೀರಲಾಯಿತು.

"ಬೋರ್ಡ್ ಬರೆದ ಹುಡುಗೀನೇ. ಇವತ್ತು ಬೆಳಿಗ್ಗೆ ಏಳನೇದು ಏನಮ್ಮ ಅಂತ ಕೇಳ್ದೆ, ಉಪ್ಪು ಅಂದ್ಲು."

ಎಲ್ಲರೂ ಹುಡುಗಿಯತ್ತ ತಿರುಗಿದರು.

"ಹೇಗೆ ಗೊತ್ತು ನಿನಗೆ?" ಎಂದರು ಹೆಡ್‌ಮಿಸ್.

ಪುಸ್ತಕದಲ್ಲಿತ್ತು ಎಂದು ಪಾರಾಗಬಹುದಿತ್ತು. ಅಷ್ಟರಲ್ಲಿ ಇನ್‌ಸ್ಪೆಕ್ಟರ್ ನೀರಿನ ಲೋಟ ಎತ್ತಿದರು. ಎದುರು ಸಾಲಿನಲ್ಲಿ, ಅವತ್ತು ತಾನೇ ಶಾಲೆಗೆ ಬಂದಿದ್ದ ಗುಂಡನೂ ಎತ್ತಿದ.

"ನೀರು ಕುಡೀಬೇಡಿ," ಎಂದಳು ಹುಡುಗಿ. "ಒಂದು ವಾರದಿಂದ ಟ್ಯಾಂಕಿಗೆ ಕ್ಲೋರಿನ್ ಹಾಕಿಲ್ಲ. ನಂಗೆ ಗೊತ್ತಿತ್ತು, ಹೇಳ್ಲಿಲ್ಲ. ನಮ್ಮಮ್ಮ ನೀರಿನ ಪ್ಲಾಂಟಲ್ಲಿ ಉಪ್ಪಿಂದಾನೇ ಕ್ಲೋರಿನ್ ಮಾಡ್ತಾಳೆ. ಫೋನ್ ಮಾಡಿ, ಬರ್ತಾಳೆ."

ಅಮ್ಮ ಗಮ್‌ಬೂಟಿನಲ್ಲೇ ಬಂದಳು. ಪುಟ್ಟ ಗಾಜಿನ ಕೊಳವೆಗೆ ನಲ್ಲಿ ನೀರು ಹಿಡಿದು ಒಂದು ಮಾತ್ರೆ ಹಾಕಿದಳು. "ಕ್ಲೋರಿನ್ ಇದ್ರೆ ಗುಲಾಬಿ ಬಣ್ಣ ಬರಬೇಕು," ಎಂದಳು. ಬಣ್ಣ ಬರಲೇ ಇಲ್ಲ. ಇನ್‌ಸ್ಪೆಕ್ಟರ್ ತಮ್ಮ ಲೋಟವನ್ನು ಒಂದೇ ಬೆರಳಿನಿಂದ ದೂರ ತಳ್ಳಿದರು.

ಬೀಗ ತೆಗೆಸಿ, ಅಳತೆ ಮಾಡಿ ಕ್ಲೋರಿನ್ ಹಾಕಿ ಅರ್ಧ ಗಂಟೆ ಕಾದ ಮೇಲೆ ಕೊಳವೆಯ ನೀರು ಗುಲಾಬಿಯಾಯಿತು. "ಬ್ಲೀಚಿಂಗ್, ನಂಗೂ ತೋರ್ಸೇ," ಎಂದ ಗುಂಡ. ಅವಳು ಬೆಳಕಿಗೆ ಹಿಡಿದು ತೋರಿಸಿದಳು.

ಕಪ್ ಬಗ್ಗೆ ಯಾರೂ ಮಾತೆತ್ತಲಿಲ್ಲ. ಆದರೂ ಹೆಡ್‌ಮಿಸ್ ಮತ್ತೆ ಮೊಬೈಲ್ ತೆಗೆದರು. "ರಿಪೋರ್ಟಲ್ಲಿ ಹತ್ತು ಐಟಂ ಅಂತ ಬರೆದಾಗಿದೆ. ಏಳನೇದು ಅಳಿಸಿ ಬೇರೆ ಹಾಕು. ಹಾಂ, ಎನ್ ಎ ಸಿ ಎಲ್."

"ಅದೂ ಉಪ್ಪೇ, ಮಿಸ್." ಈ ಸಲ ಹುಡುಗಿಯ ಮಾತು ತಡವರಿಸಲಿಲ್ಲ.

ಶಾಲೆ ಬಿಡುವ ಹೊತ್ತಾಗಿತ್ತು. ಅಮ್ಮ ಖಾಲಿ ಕ್ಯಾನ್ ಎತ್ತಿಕೊಂಡು ಮೆಲ್ಲಗೆ, "ನಾನು ಕಂಬದ ಹತ್ರ ಇರ್ತೀನಿ," ಎಂದಳು.

ಅಮ್ಮನಿಗೆ ಯಾಕೆಂದು ಮೊದಲಿನಿಂದಲೂ ಗೊತ್ತಿತ್ತು ಎಂಬುದು ಹುಡುಗಿಗೆ ಆಗ ಹೊಳೆಯಿತು.

"ಬೇಡಮ್ಮ, ಗೇಟಲ್ಲೇ ನಿಂತ್ಕೋ. ಬ್ಯಾಗ್ ತರ್ತೀನಿ," ಎಂದು ಓಡಿದಳು.

ವಾಪಸು ಬಂದಾಗ ಅಮ್ಮ ಗೇಟಿನ ಹತ್ತಿರವೇ ನಿಂತಿದ್ದಳು, ಆದರೂ ಎರಡು ಹೆಜ್ಜೆ ಆಚೆ. ಹುಡುಗಿ ಆ ಎರಡು ಹೆಜ್ಜೆ ನಡೆದು ಹೋಗಿ ಅಮ್ಮನ ಕೈ ಹಿಡಿದುಕೊಂಡಳು.