ಕೆನ್ನೆಯೊಳಗಿನ ಬಿಳಿ ಮಚ್ಚೆ

೧೯೮೯ರ ನವೆಂಬರ್ ೧೨, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಪುರವರದ ಸೋದರಮಾವನ ಮನೆಯಲ್ಲಿ ಮಹಾಲಕ್ಷ್ಮಮ್ಮ ವೀಳ್ಯದ ತಟ್ಟೆ ಹಿಡಿದು ನಡುಮನೆಗೆ ಬಂದಳು. ಗಂಡಿನ ತಂದೆ ಇದರಿಂದ ಒಂದು ವೀಳ್ಯ ಬಾಯಿಗೆ ಹಾಕಿಕೊಂಡರೆ ಮದುವೆ ಗಟ್ಟಿ. ಅವಳು ಬಂದದ್ದು ಒಲ್ಲೆ ಎನ್ನಲು. ಎರಡೂ ಕಡೆಯ ನೆಂಟರೆದುರು, ಕಾರಣವನ್ನೂ ಹೇಳಿ.

ಗಂಡಿನ ತಂದೆ ಮೂಡಲಗಿರಿಯಪ್ಪನವರದು ಶಿರಾದಲ್ಲಿ ಕಡ್ಡಿಪುಡಿ ಅಂಗಡಿ. ಅವಳ ತಾಯಿ ಲಕ್ಕಮ್ಮ ಅಲ್ಲಿ ಹೊಗೆಸೊಪ್ಪಿನ ಪುಡಿ ಜರಡಿ ಹಿಡಿಯುತ್ತಿದ್ದಳು. ಕೆನ್ನೆಯೊಳಗೆ ಹುಣ್ಣಾಗಿದೆ ಎಂದಾಗ ಯಜಮಾನರು, ಅದರ ಮೇಲೆ ಒಂದು ಚಿಟಿಕೆ ಪುಡಿ ಒತ್ತಿಕೋ, ನೋವು ತಿಳಿಯುವುದಿಲ್ಲ ಎಂದು ಪೊಟ್ಟಣ ಕೊಟ್ಟರು. ಒತ್ತಿಕೊಂಡೇ, ಹುಣ್ಣು ಕ್ಯಾನ್ಸರಾಗಿ, ತಾಯಿ ಸತ್ತಳು. ಈ ಬೆಳಿಗ್ಗೆ ಮಾವ ಆ ಹೆಸರೆತ್ತಿದಾಗ ಅವರು ಕೇಳಿದ್ದು, ಯಾವ ಲಕ್ಕಮ್ಮ ಎಂದು.

ತುಮಕೂರಿನ ಕಾಲೇಜಿನಲ್ಲಿ ಈ ಗಂಡು ಕದಿರಯ್ಯನನ್ನು ಅವಳು ಮೊದಲು ಮಾತಾಡಿಸಿದ್ದೂ ಅವನು ಆ ಅಂಗಡಿಯವರ ಮಗನೆಂದೇ. ಆದರೆ ನಗುವ ಮುಂಚೆ ಅವನ ಎಡಗಣ್ಣು ತುಸು ಕಿರಿದಾಗುತ್ತಿತ್ತು. ಅದಕ್ಕಾಗಿ ಕಾಯತೊಡಗಿದ ಮೇಲೆ ಅವಳ ಸೇಡಿನ ಲೆಕ್ಕ ತಪ್ಪಿತು.

ಈಗ ಅವಳು ಬೆಂಗಳೂರಿನ ಲ್ಯಾಬೊಂದರಲ್ಲಿ, ಬಾಯಿಯ ಕ್ಯಾನ್ಸರಿನ ಕೋಶಗಳಲ್ಲಿ ಯಾವ ಜೀನ್ ಕೆಟ್ಟಿರುತ್ತದೆ ಎಂದು ಹುಡುಕುವವರ ಜೊತೆ ಕೆಲಸಕ್ಕಿದ್ದಳು. ಹೋದ ತಿಂಗಳು ಮಧುಗಿರಿ ಬಸ್ಸಿನಲ್ಲಿ ಅವನಿಗೆ ಅದನ್ನೇ ಬಿಡಿಸಿ ಹೇಳಿದ್ದಳು. ಕೋಶ ಮಿತಿಮೀರಿ ಬೆಳೆಯದಂತೆ ತಡೆಯುವ ಜೀನ್ ಜೋಡಿಯಾಗಿರುತ್ತದೆ, ತಾಯಿಯದೊಂದು, ತಂದೆಯದೊಂದು. ಒಂದು ಕೆಟ್ಟರೂ ಇನ್ನೊಂದು ತಡೆದೀತು. ಎರಡೂ ಹೋದರೆ ತಡೆಯುವವರಿಲ್ಲ.

“ನಿನ್ ಸಿಟ್ಟಿಗೆ ಎಷ್ಟವೆ ಬ್ರೇಕು?” ಎಂದಿದ್ದ.

“ಒಂದೂ ಇಲ್ಲ.”

“ಅದುಕ್ಕೇ ಕಣಮ್ಮ ನಾನ್ ಪಕ್ಕದಲ್ಲೇ ಕುಂತಿರೋದು.”

ಈಗ ನಡುಮನೆಯ ಕಂಬಕ್ಕೊರಗಿದ್ದ ಅವನ ಎಡಗಣ್ಣು ಕಿರಿದಾಯಿತು. ಅವಳು ಮುಖ ತಿರುಗಿಸಿಕೊಂಡಳು.

ಆಗಲೇ ಮೂಡಲಗಿರಿಯಪ್ಪ ಯಾರದೋ ತಮಾಷೆಗೆ ಬಾಯ್ತುಂಬ ನಕ್ಕರು. ಎಡಗೆನ್ನೆಯೊಳಗೆ ದಪ್ಪನೆಯ ಬಿಳಿ ಮಚ್ಚೆ, ಅದರ ನಡುವೆ ಕೆಂಪು. ಕ್ಯಾನ್ಸರಿಗೆ ತಿರುಗುವ ಅಂಥ ಮಚ್ಚೆಗಳನ್ನು ಅವಳು ಲ್ಯಾಬಿನ ಫೋಟೋಗಳಲ್ಲಿ ದಿನವೂ ನೋಡುತ್ತಿದ್ದಳು.

ಒಲ್ಲೆ ಎನ್ನುವುದು ಒಮ್ಮೆಲೇ ಸಣ್ಣ ಸೇಡಾಗಿ ಕಂಡಿತು. ಹೂಂ ಅಂದರೆ ಸಾಕು. ಸೊಸೆಯಾಗಿ, ಸುಮ್ಮನಿದ್ದು, ದಿನಾ ತಾನೇ ಕಡ್ಡಿಪುಡಿ ಹಾಕಿ ವೀಳ್ಯ ಮಡಿಸಿಕೊಡಬಹುದು. ಆ ಯೋಚನೆ ಎಷ್ಟು ಸಿಹಿಯಾಗಿತ್ತೆಂದರೆ ಅವಳಿಗೆ ತನ್ನ ಮೇಲೇ ಹೆದರಿಕೆಯಾಯಿತು.

ಮುದುಕರು ಕೈ ಚಾಚಿದರು. “ಕೊಡವ್ವ, ನಾಚ್ಕೆ ಯಾಕೆ? ಕಡ್ಡಿಪುಡಿ ನಮ್ದೇ ಐತೆ.”

ಅವಳು ತಟ್ಟೆಯನ್ನು ನೆಲಕ್ಕಿಟ್ಟಳು. “ಬಾಯಿ ತೆಗೀರಿ.”

ಸೋದರಮಾವ ಬೈರಪ್ಪ, ಮಾನ ಕಳೆಯಬೇಡ ಕಣೇ ಎಂದು ಗದರಿದ. ಅವಳು ಕೇಳಿಸಿಕೊಳ್ಳಲಿಲ್ಲ.

“ನಮ್ಮವ್ವನ ಹುಣ್ಣಿಗೆ ನೀವ್ ಕೊಟ್ಟಿದ್ದನ್ನ ನಾನೂ ನಿಮಗೆ ಕೊಡ್ಬೋದಿತ್ತು. ಕೊಡಲ್ಲ. ನೀವು ಬದುಕ್ಬೇಕು. ಬದುಕಿ, ಯಾವ ಲಕ್ಕಮ್ಮ ಅಂತ ದಿನಾ ನೆನಪು ಮಾಡ್ಕೋಬೇಕು.”

ಮುದುಕರ ಚಾಚಿದ ಕೈ ಹಾಗೇ ಉಳಿಯಿತು. ಕೆನ್ನೆಯ ಮಚ್ಚೆ ಕ್ಯಾನ್ಸರಾಗುತ್ತಿರಬಹುದು, ನಾಳೆಯೇ ಬೆಂಗಳೂರಿಗೆ ಬನ್ನಿ, ಒಂದು ಚೂರು ತೆಗೆದು ಪರೀಕ್ಷೆ ಮಾಡಬೇಕು, ಇನ್ನೂ ಹೊತ್ತು ಮೀರಿರಲಿಕ್ಕಿಲ್ಲ ಎಂದು ಅವಳು ತಣ್ಣಗೆ ಹೇಳಿದಳು. ಅವರು ನಿಧಾನವಾಗಿ ಬಾಯಿ ತೆರೆದರು. ಅವಳು ತನ್ನ ಚೀಲದಿಂದ ಪುಟ್ಟ ಸ್ಕೇಲು ತೆಗೆದಳು. ಕದಿರಯ್ಯ ಗೂಟದಲ್ಲಿದ್ದ ಟಾರ್ಚ್ ತಂದು ಅವಳ ಭುಜಕ್ಕೆ ತಾಗುವಂತೆ ನಿಂತ.

“ನನ್ ಮಾತಾಡ್ಸಿದ್ದೂ ಇದುಕ್ಕೇನಾ?” ಅವಳಿಗಷ್ಟೇ ಕೇಳುವಂತೆ ಕೇಳಿದ.

“ಹೂಂ. ಮೊದ್ಲು.”

“ಈಗ?”

“ಈಗ ನೀನು ಇಷ್ಟು ಹತ್ರ ನಿಂತ್ರೆ ಸ್ಕೇಲು ಓದಕ್ಕೇ ಆಗಲ್ಲ.”

ಅವನು ಸರಿಯಲಿಲ್ಲ. ಅತ್ತ ಸರಿ ಎಂದು ಅವಳೂ ಮತ್ತೆ ಹೇಳಲಿಲ್ಲ. ಕೆನ್ನೆಯನ್ನು ಬೆರಳಿನಿಂದ ಹಿಗ್ಗಿಸಿ ಅಳೆದಳು. ಮಚ್ಚೆಯ ಉದ್ದ ಹದಿನಾಲ್ಕು ಮಿಲಿಮೀಟರ್.