ಒಲೆಗೋಡೆಯೊಳಗಿನ ಬೂಟು

ಇದನ್ನು ಹೇಳುವ ಅರ್ಹತೆ ನನಗಿದೆಯೋ ಇಲ್ಲವೋ ತಿಳಿಯದು. ಅರೆಬರೆ ಬಲ್ಲ ನಾನು ಬಾಯಿ ಹಾಕಿದ್ದಕ್ಕೆ ಕ್ಷಮೆ ಇರಲಿ. ನೊಂದ ತಾಯಿಯೊಬ್ಬಳ ಬಾಯಿಂದ ಕೇಳಿದ್ದನ್ನೇ ಬರೆದಿದ್ದೇನೆ. ಹೆಚ್ಚಿಗೆ ಏನಾದರೂ ಸೇರಿದ್ದರೆ ಅದು ನನ್ನ ಭಯ.

ಎಚ್ಚರಿಕೆಯ ಮಾತನ್ನು ಕೇಳಿ ಶಶಿಕಾಂತ್ ನಕ್ಕುಬಿಟ್ಟಿದ್ದ.

೧೯೯೪ರ ಬೇಸಿಗೆ. ಅಮೆರಿಕದ ರಾಲಿ ನಗರದ ಹಳೆಯ ಬಡಾವಣೆಯ ಮರದ ಮನೆಯೊಂದನ್ನು ಅವನು ಕೊಳ್ಳುತ್ತಿದ್ದ. ಮಾರುತ್ತಿದ್ದವಳು ಮಿಸೆಸ್ ಟಿಲರಿ ಎಂಬ ಮುದುಕಿ, ಆ ಮನೆಯಲ್ಲೇ ಹುಟ್ಟಿ ಬೆಳೆದವಳು. ಕೋಲೂರಿಕೊಂಡು ವಕೀಲರ ಕಚೇರಿಗೆ ಬಂದಿದ್ದಳು. ಬಲಗಾಲಿಗೆ ಸಾಧಾರಣ ಬೂಟು. ಎಡಗಾಲಿಗೆ ಮಾತ್ರ ದಪ್ಪ ಅಟ್ಟೆಯ, ವಿಪರೀತ ಪುಟ್ಟದಾದ ಬೂಟು. ಪೋಲಿಯೋ ಇರಬೇಕೆಂದುಕೊಂಡ ಶಶಿಕಾಂತ್. ಹೆಂಡತಿ ಸಿದ್ದೇಶ್ವರಿ ಮಗಳಿಗೆ ನೀರು ಕುಡಿಸಲು ಹೊರಗೆ ಹೋಗಿದ್ದಳು. ಗಾಜಿನ ಬಾಗಿಲಿನಾಚೆ ಆರು ವರ್ಷದ ನೀಲಗಂಗಾ ಕಪ್ಪು ಬಿಳುಪಿನ ನೆಲದ ಮೇಲೆ ಒಂಟಿಕಾಲಿನಲ್ಲಿ ಜಿಗಿಯುತ್ತಿದ್ದಳು. ಮುದುಕಿ ಅದನ್ನೇ ನೋಡಿದಳು. ಕಾಗದದ ಮೇಲಿದ್ದ ಪೆನ್ನು ನಿಂತುಬಿಟ್ಟಿತು.

“ಮನೆಯನ್ನು ಹೇಗೆ ಬೇಕಾದರೂ ಬದಲಾಯಿಸಿಕೊಳ್ಳಿ. ಅಡುಗೆಮನೆಯ ಒಲೆಗೋಡೆ ಮಾತ್ರ ಮುಟ್ಟಬೇಡಿ. ಮುಟ್ಟಿದರೂ ಒಳಗಿರುವುದನ್ನು ಹೊರಗೆ ತೆಗೆಯಬೇಡಿ.”

“ಏನಿದೆ ಒಳಗೆ?”

ಅವಳು ಪೆನ್ನನ್ನು ಮತ್ತೆ ಕಾಗದಕ್ಕಿಟ್ಟು ಸಹಿ ಹಾಕಿದಳು.

ಆ ಸಂಜೆ ಶಶಿಕಾಂತ್ ಗೆಳೆಯ ಪ್ರತಾಪನಿಗೆ ಫೋನು ಮಾಡಿ, “ಮನೀ ಜೋಡಿ ಒಂದು ದೆವ್ವಾನೂ ಫ್ರೀ ಕೊಟ್ಟಾರಪಾ,” ಎಂದ.

“ಹಾಗಾದ್ರೆ ಅದರ ಹತ್ರ ರೆಂಟ್ ಇಸ್ಕೊಳ್ಳಿ ಸಾರ್,” ಎಂದ ಮೈಸೂರಿನ ಪ್ರತಾಪ.

ಇಬ್ಬರೂ ನಕ್ಕರು. ಹೆಂಡತಿಗೆ ಮಾತ್ರ ಅವನು ಹೇಳಲಿಲ್ಲ. ಹೇಳಿದರೆ ಅವಳು ಮನೆಯೊಳಗೆ ಕಾಲಿಡುವುದಿಲ್ಲವೆಂದು ಗೊತ್ತಿತ್ತು.

ಗದಗಿನ ಶಶಿಕಾಂತ್ ಸೇತುವೆ ಕಟ್ಟುವ ಎಂಜಿನಿಯರ್. ಬೇಸಿಗೆಯುದ್ದಕ್ಕೂ ಚೌಕಳಿ ಕಾಗದದ ಮೇಲೆ ಅಡುಗೆಮನೆಯನ್ನು ಬರೆದು ಅಳಿಸಿದ. ಒಗ್ಗರಣೆಯ ಘಾಟು ಹೊರಗೆ ಹೋಗಲು ದೊಡ್ಡ ಫ್ಯಾನು, ರೊಟ್ಟಿ ಬಡಿಯಲು ತಗ್ಗಾದ ಕಲ್ಲಿನ ಕಟ್ಟೆ. ಸಿದ್ದೇಶ್ವರಿ ಕೇಳಿದ್ದು ಒಂದೇ: ದೇವರನ್ನು ಕೂರಿಸುವ ಜಗಲಿಗೆ ಪೂರ್ವದ ಗೋಡೆಯಲ್ಲೊಂದು ಗೂಡು. ಪೂರ್ವಕ್ಕೆ ಇದ್ದದ್ದು, ಹಿಂದೆಂದೋ ಇಟ್ಟಿಗೆಯಿಂದ ಮುಚ್ಚಿದ ಹಳೆಯ ಒಲೆಯ ಗೋಡೆ.

ಅಕ್ಟೋಬರಿನಲ್ಲಿ ಕಂಟ್ರಾಕ್ಟರ್ ಡ್ವೇನ್ ಅದನ್ನು ಒಡೆದ. ಹಳೆಯ ಮಸಿಯ ವಾಸನೆ, ಅದರ ಹಿಂದೆಯೇ ಒದ್ದೆ ಚರ್ಮದ ವಾಸನೆ ಮನೆಯನ್ನೆಲ್ಲ ತುಂಬಿತು. ಅವನು ಒಳಗೆ ಕೈಹಾಕಿ ಎಳೆದದ್ದನ್ನು ಹೊಸ ಕಟ್ಟೆಯ ಮೇಲಿಟ್ಟ. ಪುಟ್ಟ ಮಗುವಿನ ಕರಿಯ ಬೂಟು. ಎಡಗಾಲಿನದು, ಒಂದೇ.

“ಅಡಗಿಮನ್ಯಾಗ ಕೆರ,” ಎಂದಳು ಸಿದ್ದೇಶ್ವರಿ, ಸೆರಗಿನಿಂದ ಮೂಗು ಮುಚ್ಚಿಕೊಂಡು. “ಅದೂ ಜಗಲಿ ಇಡೂ ಜಾಗದಾಗ.”

“ಇರ್ಲಿ ಬಿಡ, ಆ್ಯಂಟೀಕ್ ಅದ. ಶೋಕೇಸ್‌ನಾಗ ಇಡೂಣು.”

“ನಗ್ಯಾಡಬ್ಯಾಡ್ರಿ. ಮೊದಲ ಹೊರಗ ಒಗೀರಿ ಅದನ್ನ.”

ಶಶಿಕಾಂತನಿಗೆ ಮುದುಕಿಯ ಮಾತು ನೆನಪಾಯಿತು. ಹೇಳಲು ಬಾಯಿ ತೆರೆದ. ಡ್ವೇನನ ಮುಂದೆ ಜಗಳವಾದೀತೆಂದು ನಾಚಿ ಸುಮ್ಮನಾದ. ಸಿದ್ದೇಶ್ವರಿ ತಾನೇ ಬೂಟನ್ನು ಪೇಪರಿನಲ್ಲಿ ಸುತ್ತಿ ಹೊರಗಿನ ಕಸದ ತೊಟ್ಟಿಗೆ ಎಸೆದಳು. ಮಧ್ಯಾಹ್ನ ಲಾರಿ ಬಂದು ತೊಟ್ಟಿಯನ್ನೇ ಎತ್ತಿಕೊಂಡು ಹೋಯಿತು. ಅವಳು ಗೂಡನ್ನು ಅರಿಶಿನದ ನೀರಿನಿಂದ ತೊಳೆದು, ವಿಭೂತಿ ಬಳಿದು, ಜಗಲಿ ಇಟ್ಟು ದೀಪ ಹಚ್ಚಿದಳು. ಕೆರವನ್ನು ಹೊಸ್ತಿಲಾಚೆ ಬಿಟ್ಟು ಒಳಬರುವ ಯಾವ ಹೆಣ್ಣುಮಗಳೂ ಅದನ್ನೇ ಮಾಡುತ್ತಿದ್ದಳು.

ಆಮೇಲೆ ಸಪ್ಪಳ ಶುರುವಾಯಿತು. ಸಂಜೆಯ ಹೊತ್ತು, ಅಡುಗೆಮನೆಯಲ್ಲಿ. ಪುಟ್ಟ ಹೆಜ್ಜೆಗಳು, ಮೆತ್ತಗೆ. ಎರಡೂ ಬರಿಗಾಲೇ. ಹೊಸ ಮರದ ನೆಲ ಒಣಗುವ ಸದ್ದು ಎಂದ ಶಶಿಕಾಂತ್. ಜಗಲಿಯ ಮುಂದೆ ಕರ್ಪೂರ ಹಚ್ಚಿದರೆ ಒದ್ದೆ ಚರ್ಮದ ವಾಸನೆ ಏಳುತ್ತಿತ್ತು.

“ಮಮ್ಮಿ, ಮೈ ಫುಟ್ ಈಸ್ ಕೋಲ್ಡ್,” ಎಂದಳು ನೀಲಗಂಗಾ ಒಂದು ಬೆಳಗ್ಗೆ. “ಆ ಗರ್ಲ್ ಬಿಡೋದಿಲ್ಲ.”

“ಯಾವ ಹುಡುಗಿವ್ವಾ?”

“ಕಿಚನ್ ಗರ್ಲ್. ಅವಳಿಗೆ ಶೂ ಇಲ್ಲ.”

ಎಡಪಾದ ಮಂಜಿನಂತೆ ತಣ್ಣಗಿತ್ತು. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆಗಳನ್ನೂ ಮಾಡಿ, ಏನೂ ಇಲ್ಲ ಎಂದರು. ಡಿಸೆಂಬರಿನ ಹೊತ್ತಿಗೆ ಮಗು ಕಾಲೆಳೆಯುತ್ತಿತ್ತು. ತಣುಪು ಮೊಣಕಾಲಿಗೇರಿ, ಸೊಂಟದತ್ತ ಸರಿಯುತ್ತಿತ್ತು.

ಶೂ ಇಲ್ಲದ ಹುಡುಗಿಯ ಮಾತು ತಲೆಯಲ್ಲೇ ಉಳಿದು, ಸಿದ್ದೇಶ್ವರಿ ನಂಬರು ಹುಡುಕಿ ಮಿಸೆಸ್ ಟಿಲರಿಗೆ ಫೋನು ಮಾಡಿದಳು. ಗೋಡೆಯಲ್ಲೊಂದು ಬೂಟು ಸಿಕ್ಕಿತ್ತು ಎಂದಳು. ಆ ಕಡೆಯಿಂದ ಮುದುಕಿಯ ದನಿ ಬಂತು.

“ಅದು ನನ್ನದು.”

ಮುದುಕಿ ನಿಧಾನವಾಗಿ ಹೇಳಿದಳು. ಅವಳ ಅಜ್ಜನ ಕಾಲದಲ್ಲಿ ಆ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸಿಗೆ ಒಬ್ಬಳು ಮಗಳಿದ್ದಳು. ಚಳಿಗಾಲದಲ್ಲಿ ಮಗುವಿಗೆ ಹಳೆಯ ಬೂಟಾದರೂ ಕೊಡಿ ಎಂದು ತಾಯಿ ಬೇಡಿದಳು. ಅಜ್ಜ ಕೊಡಲಿಲ್ಲ. ಮಗು ಚಳಿಯಲ್ಲಿ ತೀರಿಕೊಂಡಿತು. ತಾಯಿ ಒಲೆಯ ಬೂದಿಯನ್ನು ಗೋಡೆಗೆ ಬಳಿದು ಶಪಿಸಿದಳು: ಈ ಮನೆಯ ಮಕ್ಕಳು ಎರಡು ಕಾಲಿನಲ್ಲಿ ಹೊರಗೆ ಹೋಗದಿರಲಿ.

“ನನ್ನ ಅಣ್ಣ ಕಾಲಿನಿಂದ ತಣುಪೇರಿ ಹಾಗೆಯೇ ಹೋದ. ನನ್ನ ಸರದಿ ಬಂದಾಗ ಅಮ್ಮ ನನ್ನ ಬೂಟನ್ನು ಒಳಗಿಟ್ಟು ಗೋಡೆ ಮುಚ್ಚಿದಳು. ಜೀವ ಉಳಿಯಿತು.” ಆಮೇಲೆ ಅಂದಳು, “ನಿನ್ನ ಗಂಡನಿಗೆ ಹೇಳಿದ್ದೆನಲ್ಲ.”

ಸಿದ್ದೇಶ್ವರಿ ಫೋನನ್ನು ಮೆಲ್ಲಗೆ ಕೆಳಗಿಟ್ಟಳು. ಹೊರಗೆ ಬೆಳಗಿನಿಂದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟುತ್ತಿತ್ತು. ಪೈನ್ ಕೊಂಬೆಗಳು ಭಾರಕ್ಕೆ ಮುರಿದು ಬೀಳುತ್ತಿದ್ದವು. ಐದಕ್ಕೇ ಕತ್ತಲು. ಕರೆಂಟು ಹೋಯಿತು.

“ರೀ, ಆ ಮುದುಕಿ ನಿಮಗ ಹೇಳಿದ್ಲೇನು?”

ಶಶಿಕಾಂತ್ ತಲೆ ತಗ್ಗಿಸಿದ. ಅಷ್ಟರಲ್ಲಿ ಅಡುಗೆಮನೆಯಿಂದ ಹಿತ್ತಾಳೆಯ ದೀಪ ಬಿದ್ದ ಸದ್ದಾಯಿತು.

ಮಗು ಹಾಸಿಗೆಯಲ್ಲಿ ಇರಲಿಲ್ಲ.

ಓಡಿದರು. ಕತ್ತಲು. ಮಸಿಯ ವಾಸನೆ. ಶಶಿಕಾಂತ್ ಟಾರ್ಚು ಹಾಕಿದ. ದೇವರುಗಳು ನೆಲದ ಮೇಲೆ ಚೆಲ್ಲಿದ್ದವು. ಗೂಡಿನ ಹಿಂಬದಿಯ ಇಟ್ಟಿಗೆಗಳು ಬಿದ್ದಿದ್ದವು. ಅಲ್ಲಿ ಕಪ್ಪು ತೂತು. ನೀಲಗಂಗಾಳ ಎಡಗಾಲು ತೊಡೆಯವರೆಗೆ ಅದರೊಳಗಿತ್ತು. ಅವಳು ಅಳುತ್ತಿರಲಿಲ್ಲ. ತುಟಿ ನೀಲಿಯಾಗಿತ್ತು.

ಶಶಿಕಾಂತ್ ಎದೆಗವಚಿ ಎಳೆದ. ಆ ಕಡೆಯಿಂದಲೂ ಎಳೆಯಿತು.

“ಬಿಡಬ್ಯಾಡ್ರಿ,” ಎಂದಳು ಸಿದ್ದೇಶ್ವರಿ. ಮುಂಬಾಗಿಲಿಗೆ ಓಡಿದಳು. ಚಪ್ಪಲಿಗಳ ರಾಶಿಯಲ್ಲಿ ಕೈಯಾಡಿಸಿದಳು. ಗಂಡನದು. ತನ್ನದು. ಮಗಳದು, ಬಲಗಾಲಿನದು. ಅದಲ್ಲ. ಸಿಕ್ಕಿತು. ಕೆಂಪು ಬಟ್ಟೆಯ ಬೂಟು, ಎಡಗಾಲು. ಹಿಡಿದು ಓಡಿ ಬಂದಳು. ಜನ್ಮದಲ್ಲಿ ಮೊದಲ ಸಲ ಕೆರವನ್ನು ಅಡುಗೆಮನೆಗೆ ತಂದಳು. ವಿಭೂತಿ ಬಳಿದ ಗೂಡಿನೊಳಗೆ, ದೇವರು ಕೂತಿದ್ದ ಜಾಗದಲ್ಲಿ, ತೋಳುದ್ದ ತೂರಿಸಿದಳು.

“ತಗೋ ನನ್ನವ್ವಾ. ಹಾಕ್ಕೋ. ನನ್ನ ಕೂಸು ನನಗ ಕೊಡು.”

ಯಾರೋ ಅದನ್ನು ಅವಳ ಕೈಯಿಂದ ತೆಗೆದುಕೊಂಡರು. ಕಸಿಯಲಿಲ್ಲ. ತೆಗೆದುಕೊಂಡರು. ತಣ್ಣನೆಯ ಪುಟ್ಟ ಬೆರಳುಗಳು.

ಮಗು ಹೊರಗೆ ಬಂತು. ಶಶಿಕಾಂತ್ ಬರಿಗೈಯಲ್ಲಿ ಇಟ್ಟಿಗೆ ಜೋಡಿಸಿದ. ಒಳಗೆ ಒಂದು ಗಟ್ಟಿ ಹೆಜ್ಜೆ, ಒಂದು ಮೆತ್ತನೆಯ ಹೆಜ್ಜೆ. ಮತ್ತೆ ಮೌನ.

ನೀಲಗಂಗಾಳಿಗೆ ಈಗ ಹನ್ನೊಂದು. ಚೆನ್ನಾಗಿ ಓದುತ್ತಾಳೆ. ಎಡಪಾದ ಮಾತ್ರ ಆ ಕೆಂಪು ಬೂಟಿನ ಅಳತೆಯಲ್ಲೇ ನಿಂತಿದೆ. ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ ಎರಡು ಅಳತೆಯ ಎರಡು ಜೊತೆ ಕೊಳ್ಳುತ್ತಾರೆ. ಉಳಿದ ಒಂಟಿ ಬೂಟುಗಳನ್ನು ಎಸೆಯಲು ಸಿದ್ದೇಶ್ವರಿಗೆ ಕೈ ಬರುವುದಿಲ್ಲ. ಅವಳು ಗಂಡನನ್ನು ಬೈಯಲಿಲ್ಲ. ಆದರೆ ಅವನ ಹಾಸ್ಯಕ್ಕೆ ಮನೆಯಲ್ಲಿ ಯಾರೂ ನಗದಾದರು, ಈಗ ಅವನೂ ಹೇಳುವುದನ್ನು ಬಿಟ್ಟಿದ್ದಾನೆ. ಮನೆ ಕೊಳ್ಳಲು ಒಮ್ಮೆ ಜನ ಬಂದಿದ್ದರು. ಜೊತೆಗೊಂದು ಮಗುವಿತ್ತು. ಸಿದ್ದೇಶ್ವರಿ ಎಲ್ಲವನ್ನೂ ಹೇಳಿದಳು. ಆ ಮಗುವಿನ ತಂದೆ ನಕ್ಕ. ಅವಳು ಮನೆ ಮಾರಲಿಲ್ಲ.

ಮಿಸೆಸ್ ಟಿಲರಿ ಆ ಚಳಿಗಾಲದಲ್ಲೇ ತೀರಿಕೊಂಡಳು. ತನ್ನ ಬೂಟು ಗೋಡೆಯಿಂದ ಹೊರಬಿದ್ದ ಮೇಲೆ ಅವಳ ಆ ಪುಟ್ಟ ಎಡಪಾದ ಬೆಳೆಯಿತೇ? ಅದೊಂದು ಗೊತ್ತಿದ್ದರೆ, ನೀಲಗಂಗಾ ದೊಡ್ಡವಳಾದ ಮೇಲೆ ಗೋಡೆ ಒಡೆದು ಬೂಟನ್ನು ತೆಗೆಯಬಹುದೋ ಬಾರದೋ ಎಂಬುದು ತಿಳಿಯುತ್ತಿತ್ತು. ಸಿದ್ದೇಶ್ವರಿ ಮುದುಕಿಯ ಮಗಳಿಗೆ ಎರಡು ಸಲ ಫೋನು ಮಾಡಿದಳು. ಎರಡು ಸಲವೂ, ನಿಮ್ಮ ತಾಯಿಗೆ ಶಾಂತಿ ಸಿಗಲಿ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಸತ್ತವಳ ಕಾಲಿನ ಅಳತೆಯನ್ನು ಹೇಗೆ ಕೇಳುವುದು? ನನಗೂ ಗೊತ್ತಿಲ್ಲ.