ಆನೆ ಬೆಡಗಿನ ಅಣ್ಣ

"ರೀ! ರೀ ಮೇಡಂ! ಆ ಮರದ ಕೆಳಗೆ ಫೋಟೊ ಹೊಡೆಯೋಕೆ ಯಾರನ್ನ ಕೇಳಿದ್ರಿ?"

ಶುವಾಯಿ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಮೊಬೈಲು ಜಾರಿ ನೇರವಾಗಿ ಕಲ್ಲಿನ ಮೇಲೆ ಬಿತ್ತು.

ಕೂಗಿದವನು ತಫಾರಾ. ಕುತ್ತಿಗೆಯಲ್ಲಿ ಕ್ಯಾಮೆರಾ, ಹೆಗಲ ಚೀಲದಲ್ಲಿ ಅಲ್ಲೇ ಫೋಟೊ ಪ್ರಿಂಟು ಹಾಕಿಕೊಡುವ ಪುಟ್ಟ ಮೆಷಿನ್ನು, ಮುಖದಲ್ಲಿ ಸಿಡುಕು. ಹರಾರೆಯ ಈ ದೊಡ್ಡ ಪಾರ್ಕಿಗೆ ಮದುವೆ ದಿಬ್ಬಣಗಳು ಬರುತ್ತವೆ, ಜೋಡಿಗಳು ಬರುತ್ತವೆ. ಅವರನ್ನೇ ನಂಬಿದ ಫೋಟೊಗ್ರಾಫರುಗಳು ತಮ್ಮತಮ್ಮಲ್ಲೇ ಮರಗಳನ್ನು ಹಂಚಿಕೊಂಡಿದ್ದರು. ಈ ಜಕರಾಂಡ ತಫಾರಾನ ಪಾಲಿನದು. ಮೊಬೈಲು ಹಿಡಿದು ಬರುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ.

"ನಾನು ಯಾರ ಫೋಟೊನೂ ತೆಗೀತಿಲ್ಲ. ಬರೀ ಮರದ್ದು..."

"ಮರದ್ದಾ? ಮರಕ್ಕೇನು ಮದುವೇನಾ ಇವತ್ತು? ಜನ ಇಲ್ಲದ ಫೋಟೊ ಯಾರಿಗ್ರೀ ಬೇಕು!"

"ನಮ್ಮಮ್ಮಂಗೆ!"

ಅವಳ ದನಿ ಒಡೆಯಿತು.

"ಆಸ್ಪತ್ರೇಲಿ ಮಲಗಿದ್ದಾಳೆ. ಇನ್ನು ಏಳಲ್ಲ ಅಂದ್ಬಿಟ್ರು ಡಾಕ್ಟರು. ಮುತಾರೆಯಿಂದ ಬಸ್ಸಲ್ಲಿ ಹೊತ್ಕೊಂಡು ಬಂದೆ ಅವಳನ್ನ. ಊಟ ಕೇಳಲ್ಲ, ನೀರು ಕೇಳಲ್ಲ. ಈ ಪಾರ್ಕಿನ ಮರ ತೋರ್ಸು ಅಂತಾಳೆ. ಹೇಳಿ ಸಾರ್, ಇದರಲ್ಲಿ ನಿಮ್ದಲ್ಲದ ಮರ ಯಾವ್ದು? ಅದರದ್ದೇ ತೆಗೀತೀನಿ!"

ತಫಾರಾ ಬಗ್ಗಿ ಅವಳ ಮೊಬೈಲು ಎತ್ತಿದ. ಗಾಜು ಪುಡಿಯಾಗಿತ್ತು.

"ಕ್ಷಮಿಸಿ..." ಅಂದ ಮೆಲ್ಲಗೆ. "ಬನ್ನಿ. ನಾನು ತೆಗೆದುಕೊಡ್ತೀನಿ. ಎಲ್ಲಾ ಮರಾನೂ."

ಅಂದಿನಿಂದ ಅದೇ ನಡೆಯಿತು. ಬೆಳಗ್ಗೆ ಅಮ್ಮನ ಮೈ ಒರೆಸಿ ಶುವಾಯಿ ಪಾರ್ಕಿಗೆ ಬರುವಳು. ಅವನು ಕಾದಿರುತ್ತಿದ್ದ. ಒಂದು ದಿನ ತಾಳೆ ಮರಗಳ ಸಾಲು, ಇನ್ನೊಂದು ದಿನ ನೀಲಗಿರಿ, ಮತ್ತೊಂದು ದಿನ ನೆಲಕ್ಕೆ ಉದುರಿದ ನೇರಳೆ ಹೂವು. ಮಧ್ಯಾಹ್ನ ಭೇಟಿಯ ಹೊತ್ತಿಗೆ ಅವಳು ಆ ಫೋಟೊಗಳನ್ನು ಅಮ್ಮನ ಕಣ್ಣ ಮುಂದೆ ಹಿಡಿಯುವಳು. ಅಮ್ಮ ಮರಗಳನ್ನು ಬೆರಳಲ್ಲಿ ಸವರುವಳು. ಯಾಕೆ ಈ ಮರಗಳ ಮೇಲೆ ಇಷ್ಟು ಆಸೆ ಅಂತ ಕೇಳಿದರೆ ಮುಖ ಆಚೆ ತಿರುಗಿಸುವಳು.

"ನೀನು ನಂಗೆ ದುಡ್ಡು ಕೊಡ್ಬೇಕು ಕಣೆ. ನನ್ನ ಗಿರಾಕಿಗಳೆಲ್ಲ ಪಕ್ಕದ ಮರಕ್ಕೆ ಹೋದ್ರು, ನಾನು ನಿನ್ನ ಹಿಂದೆ ಕತ್ತೆ ಹಾಗೆ ಸುತ್ತುತಾ ಇದ್ದೀನಿ," ಎಂದು ಹುರಿದ ಜೋಳದ ಪೊಟ್ಟಣ ಅವಳ ಕಡೆ ಚಾಚುತ್ತಿದ್ದ ತಫಾರಾ.

"ಸುತ್ತು ಅಂತ ನಾನು ಹೇಳಿದ್ನಾ?"

"ಇಲ್ಲ. ಅದಕ್ಕೇ ಸುತ್ತುತಾ ಇದ್ದೀನಿ."

ಅವಳು ನಕ್ಕಳು. ನಕ್ಕ ಮರುಗಳಿಗೆಯೇ ಜೋಳದ ಪೊಟ್ಟಣ ಕೆಳಗಿಟ್ಟಳು. 'ಅಮ್ಮ ಅಲ್ಲಿ ಉಸಿರಿಗೆ ಒದ್ದಾಡ್ತಿದ್ದಾಳೆ... ನಾನಿಲ್ಲಿ ನಗ್ತಿದ್ದೀನಿ. ಎಂಥವಳು ನಾನು?'

ಆದರೆ ಪ್ರೀತಿ ಹೊತ್ತುಗೊತ್ತು ನೋಡಿ ಬರುತ್ತದೆಯೇ? ಅವಳಿಗೆ ಅವನು ಬೇಕಾಗಿದ್ದ. ಬದುಕಿನಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ಬೇಕು ಅನ್ನಿಸಿತ್ತು.

"ನಿನ್ನಮ್ಮನ್ನ ನೋಡ್ಬೇಕು," ಅಂದ ತಫಾರಾ ಒಂದು ದಿನ. "ಒಂದು ಮಾತು ಕೇಳೋದಿದೆ ಅವರನ್ನ."

ಏನು ಮಾತು ಅಂತ ಅವಳು ಕೇಳಲಿಲ್ಲ. ಕೆನ್ನೆ ಬಿಸಿಯಾಗಿತ್ತು.

ವಾರ್ಡಿನ ಬಾಗಿಲಲ್ಲಿ ತಫಾರಾ ಮಂಡಿಯೂರಿ, ಎರಡೂ ಅಂಗೈ ತಟ್ಟಿ ಹಿರಿಯರಿಗೆ ಮಾಡುವಂತೆ ವಂದಿಸಿದ. ಅಮ್ಮನ ಬತ್ತಿದ ಮುಖ ಅರಳಿತು.

"ನೀನೇನಪ್ಪಾ ಮರದ ಹುಡುಗ? ಬಾ ಮಗಾ, ಹತ್ತಿರ ಬಾ."

ಅಷ್ಟರಲ್ಲಿ ಊರ ಕಡೆಯ ಹೆಂಗಸೊಬ್ಬಳು ಹಣ್ಣಿನ ಚೀಲ ಹಿಡಿದು ಒಳಬಂದಳು. ಶುವಾಯಿಯನ್ನು ಕಂಡವಳೇ ಅಂಗೈ ತಟ್ಟಿ, "ಮಾಂಡ್ಲೋವು! ಅಮ್ಮ ಹೇಗಿದ್ದಾರಮ್ಮಾ?" ಅಂದಳು.

ತಫಾರಾನ ಕೈಯಿಂದ ಫೋಟೊಗಳು ಹಾಸಿಗೆಯ ಮೇಲೆ ಬಿದ್ದವು.

ಮಾಂಡ್ಲೋವು! ಆನೆ ಬೆಡಗಿನ, ಅಂದರೆ ಆನೆ ಕುಲದ, ಹೆಣ್ಣುಮಗಳನ್ನು ಈ ನಾಡಿನಲ್ಲಿ ಗೌರವದಿಂದ ಕರೆಯುವುದೇ ಹಾಗೆ. ತಫಾರಾನದೂ ಆನೆ ಬೆಡಗು. ಒಂದೇ ಬೆಡಗಿನವರು ಅಣ್ಣ ತಂಗಿ. ಮುಖ ನೋಡಿರದಿದ್ದರೂ, ಊರು ಬೇರೆಯಾದರೂ, ಅಣ್ಣ ತಂಗಿಯೇ. ಅವರ ನಡುವೆ ಮದುವೆಯ ಮಾತೆತ್ತಿದರೆ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ.

"ನಾನು... ಬರ್ತೀನಮ್ಮಾ," ಎಂದವನು ತಿರುಗಿ ನೋಡದೆ ಹೋಗಿಬಿಟ್ಟ.

ಮರುದಿನ ಅವನು ಜಕರಾಂಡದ ಕೆಳಗಿರಲಿಲ್ಲ. ಅದರ ಮರುದಿನವೂ ಇಲ್ಲ. ಕೊನೆಗೆ ಪಾರ್ಕಿನ ಆಚೆ ಗೇಟಿನಲ್ಲಿ ಸಿಕ್ಕ.

"ವಾರ್ಡಿನ ವಾಸನೆ ತಡೀಲಿಲ್ವಾ?" ಶುವಾಯಿ ಅವನ ದಾರಿಗೆ ಅಡ್ಡ ನಿಂತಳು. "ಸಾಯೋಳ ಮಗಳು ಬೇಡ ಅನ್ನಿಸ್ತಾ? ಬಾಯಿಬಿಟ್ಟು ಹೇಳ್ಬಾರ್ದಾ!"

"ನಂದು ಆನೆ ಬೆಡಗು, ಶುವಾಯಿ."

ಅವಳು ಗೇಟಿನ ಕಂಬಿ ಹಿಡಿದುಕೊಂಡಳು.

"ಮೊದಲ ದಿನಾನೇ ಕೇಳ್ಬೇಕಿತ್ತು," ಅಂದ. "ಹಳ್ಳೀಲಿ ಆಗಿದ್ರೆ ಹೆಸರಿಗಿಂತ ಮುಂಚೆ ಬೆಡಗು ಕೇಳ್ತಿದ್ವಿ. ಈ ದರಿದ್ರ ಪಟ್ಟಣದಲ್ಲಿ... ಹೋಗು, ತಂಗೀ. ಅಮ್ಮನ ಹತ್ತಿರ ಹೋಗು."

ತಂಗೀ! ಆ ಮಾತಿಗಿಂತ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಅಂದು ಸಂಜೆ ಅಮ್ಮ ಕಣ್ಣು ತೆರೆದಳು. "ಆ ಹುಡುಗ ಯಾಕೆ ಬರ್ಲಿಲ್ಲ?"

"ಊರಿಗೆ ಹೋಗಿದ್ದಾನಮ್ಮಾ."

"ಒಳ್ಳೇ ಹುಡುಗ. ಯಾವ ಬೆಡಗಂತೆ?"

ಶುವಾಯಿ ತುಟಿ ಕಚ್ಚಿದಳು. ಸಾಯುವ ಜೀವಕ್ಕೆ ಈ ಸಂಕಟ ಯಾಕೆ? "ಕೇಳಿಲ್ಲಮ್ಮಾ," ಎಂದುಬಿಟ್ಟಳು.

"ಕೇಳು ಮಗಳೇ. ಆಮೇಲೆ ನಾನೂ ನಿಂಗೊಂದು ಮಾತು ಹೇಳ್ತೀನಿ," ಎಂದು ಅಮ್ಮ ಕಣ್ಣು ಮುಚ್ಚಿದಳು. ಬೆಳಗಾದಾಗ ಆ ಕಣ್ಣುಗಳು ತೆರೆಯಲಿಲ್ಲ.

ಶವವನ್ನು ಮುತಾರೆಯ ಆಚೆಯ ಹಳ್ಳಿಗೆ ತಂದರು. ಶುವಾಯಿಯ ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವನ ಅಕ್ಕ, ದೊಡ್ಡ ಸೋದರತ್ತೆ, ಮನೆಯ ಹಿರಿಯಳು. ಅಂಗಳದಲ್ಲಿ ಸೌದೆಯ ದಿಮ್ಮಿಗಳು ಹಾಗೇ ಬಿದ್ದಿದ್ದವು. ಸಾವಿನ ಮನೆಯಲ್ಲಿ ಸೌದೆ ಒಡೆಯುವುದು, ಪೆಟ್ಟಿಗೆ ಹೊರುವುದು ಅಳಿಯಂದಿರ ಕೆಲಸ. ಈ ಮನೆಗೆ ಇದ್ದವಳೊಬ್ಬಳೇ ಮಗಳು, ಅವಳಿಗಿನ್ನೂ ಮದುವೆಯಿಲ್ಲ.

ವಾರ್ಡಿನ ನರ್ಸಿನಿಂದ ಸುದ್ದಿ ತಿಳಿದು ತಫಾರಾ ಬೆಳಗಿನ ಬಸ್ಸಿಗೆ ಬಂದ. ಶುವಾಯಿ ಅವನನ್ನು ಕಂಡು ಗೋಡೆಗೆ ಒರಗಿದಳು. 'ಯಾಕೆ ಬಂದೆ... ನನ್ನ ಇನ್ನೂ ಎಷ್ಟು ಸಾಯಿಸ್ತೀಯ?'

"ಯಾರಪ್ಪಾ ನೀನು? ಯಾವ ಬೆಡಗು?" ಅತ್ತೆ ಕೇಳಿದಳು.

"ಆನೆ, ಅಮ್ಮಾ."

"ಅಯ್ಯೋ, ಹಾಗಾದ್ರೆ ನಮ್ಮನೆ ಹುಡುಗಾನೇ! ಒಳಗೆ ಬಾ. ನಿನ್ನ ತಂಗೀನ ಸಮಾಧಾನ ಮಾಡಪ್ಪಾ, ಎರಡು ದಿನದಿಂದ ಒಂದು ಗುಟುಕು ಗಂಜಿ ಕುಡಿದಿಲ್ಲ."

ಅವನು ಬಂದು ಅವಳ ಪಕ್ಕದ ಚಾಪೆಯಲ್ಲಿ ಕುಳಿತ. ಇಬ್ಬರೂ ನೆಲ ನೋಡುತ್ತಿದ್ದರು.

ಆಗ ಅಂಗಳದಲ್ಲಿ ಗದ್ದಲವೆದ್ದಿತು. ಎಸ್ನಾತ್ ಅಜ್ಜಿ ಬಂದಿದ್ದಳು! ಅವಳು ಈ ಮನೆತನದ ಸಹ್ವಿರಾ. ಸಾವಿನ ಮನೆಯಲ್ಲಿ ಸತ್ತವರ ಬಟ್ಟೆ ತೊಟ್ಟು, ಅವರ ಹಾಗೇ ನಡೆದು, ಅವರದೇ ದನಿಯಲ್ಲಿ ಮನೆಯ ಗುಟ್ಟುಗಳನ್ನೆಲ್ಲ ಹೊರಗೆಳೆದು ಎಲ್ಲರನ್ನೂ ಗೇಲಿ ಮಾಡುವ ಹಕ್ಕು ಸಹ್ವಿರಾಗೆ ಮಾತ್ರ ಇದೆ. ಅವಳ ಮೇಲೆ ಯಾರೂ ಸಿಟ್ಟಾಗುವಂತಿಲ್ಲ.

ಅಮ್ಮನ ಹಸಿರು ತಲೆವಸ್ತ್ರ ಬಿಗಿದು, ಅಮ್ಮನ ಹಾಗೇ ಎಡಗಾಲು ಎಳೆಯುತ್ತ ಬಂದ ಅಜ್ಜಿಯನ್ನು ಕಂಡು ಹೆಂಗಸರು ಅಳುತ್ತಲೇ ನಕ್ಕರು.

"ಏನ್ರೇ ಅಳ್ತೀರಾ? ಬದುಕಿದ್ದಾಗ ಒಂದು ಹಿಡಿ ಉಪ್ಪು ಸಾಲ ಕೊಟ್ಟವರಲ್ಲ!" ಅಜ್ಜಿ ಅಮ್ಮನ ದನಿಯಲ್ಲೇ ರೇಗಿದಳು. "ಅತ್ತಿಗೇ, ನಾನು ನಿಮ್ಮನೆಗೆ ಸೊಸೆಯಾಗಿ ಬಂದ ದಿನ ನೆನಪಿದ್ಯಾ? ಬೆನ್ನ ಮೇಲೊಂದು ಕೂಸು ಕಟ್ಕೊಂಡೇ ಬಂದಿದ್ದೆ! ಆನೆಮರಿ ಅಂತ ಸಾಕಿದ್ರಿ. ಅದು ಸಿಂಹದ ಮರಿ ಕಣ್ರೇ! ಹರಾರೆ ಪಾರ್ಕಿನ ಮರದಡೀಲಿ ಸಿಕ್ಕ ಸಿಂಹ, ಮದುವೆ ಆಗ್ತೀನಿ ಅಂದು ಓಡಿಹೋದ ಸಿಂಹ!"

"ಎಸ್ನಾತ್! ಸಾಕು ಬಾಯಿ ಮುಚ್ಚು!" ಅತ್ತೆ ಚೀರಿದಳು.

ಆದರೆ ಮಾತು ಅಂಗಳಕ್ಕೆ ಬಿದ್ದಾಗಿತ್ತು.

ಶುವಾಯಿ ಎದ್ದು ನಿಂತಳು. "ಅತ್ತೇ... ನಿಜಾನಾ?"

ಅತ್ತೆ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ನಿಜ ಕಣೇ. ನಿಮ್ಮಪ್ಪ ಬೇರೆ ಅಂತ ಎಣಿಸ್ಲಿಲ್ಲ, ತನ್ನ ಬೆಡಗೇ ಕೊಟ್ಟ. ನಾವೂ ಎಣಿಸ್ಲಿಲ್ಲ. ಇನ್ಯಾಕೆ ಹೇಳೋದು ಅಂತ ಸುಮ್ಮನಿದ್ವಿ. ಆದ್ರೆ ರಕ್ತ ಸಿಂಹ ಬೆಡಗಿಂದೇ."

ಅಮ್ಮ ಹೇಳಬೇಕೆಂದಿದ್ದ ಮಾತು ಇದು! ಎರಡೇ ದಿನದಲ್ಲಿ ಅಮ್ಮನೂ ಇಲ್ಲ, ಅಪ್ಪ ಅಪ್ಪನೂ ಅಲ್ಲ. ಶುವಾಯಿ ಕುಸಿದಳು, ಎದೆ ಬಡಿದುಕೊಂಡು ಅತ್ತಳು.

ತಫಾರಾ ಅವಳನ್ನು ಮುಟ್ಟಲಿಲ್ಲ. ಚಾಪೆಯಿಂದ ಎದ್ದ. ಅಂಗಿಯ ತೋಳು ಮಡಿಸಿ ಅಂಗಳಕ್ಕೆ ನಡೆದ. ಗೋಡೆಗೆ ಒರಗಿಸಿದ್ದ ಕೊಡಲಿ ಎತ್ತಿ ಮೊದಲ ದಿಮ್ಮಿಗೆ ಬೀಸಿದ.

"ಏಯ್, ಆನೆ! ಮನೆ ಮಗ ಸೌದೆ ಒಡೀಬಾರ್ದು ಕಣೋ!" ಎಸ್ನಾತ್ ಅಜ್ಜಿ ಕೂಗಿದಳು.

"ನಾನು ಮನೆ ಮಗ ಅಲ್ಲ ಅಜ್ಜೀ."

ಅಜ್ಜಿ ಸೊಂಟಕ್ಕೆ ಕೈಯಿಟ್ಟು, "ನೋಡ್ರೇ, ಬಿಟ್ಟಿ ಅಳಿಯ! ಬರಿಗೈಲಿ ಬಂದು ಕೊಡಲಿ ಹಿಡಿದಿದ್ದಾನೆ. ಹೆಣ್ಣಿಗೆ ತೆರ ಕೊಡೋ ದನ ಎಲ್ಲೋ, ದನ?" ಅಂದಳು.

"ತರ್ತೀನಿ ಅಜ್ಜಿ. ಸಾಲದಲ್ಲಿ ಮುಳುಗಿದ್ರೂ ತರ್ತೀನಿ."

ಅತ್ತೆ ಹೊದ್ದ ಬಟ್ಟೆಯ ಅಂಚಿಂದ ಕಣ್ಣೊರೆಸಿಕೊಂಡು, ಬೇಡವೆನ್ನದೆ ಒಳಗೆ ಹೋದಳು.

ಬಿಸಿಲು ಏರಿದ ಮೇಲೆ ಶುವಾಯಿ ಒಂದು ಚೊಂಬು ನೀರು ತಂದಳು. ಅವನ ಅಂಗೈಯಲ್ಲಿ ಬೊಕ್ಕೆ ಎದ್ದಿದ್ದವು. ಕ್ಯಾಮೆರಾ ಹಿಡಿದ ಕೈ, ಕೊಡಲಿಯ ರೂಢಿಯಿಲ್ಲ.

"ಅಣ್ಣನಾಗಿ ಪಕ್ಕದಲ್ಲಿ ಕೂರೋಣ ಅಂತ ಬಂದೆ ಶುವಾಯಿ," ಅಂದ. "ನಿನ್ನ ಬಿಟ್ಟು ಇರೋಕೆ ಆಗಲ್ಲ ಅಂತ ದಾರಿಯುದ್ದಕ್ಕೂ ಬಸ್ಸಲ್ಲಿ ಅಳ್ತಾ ಕೂತಿದ್ದೆ. ತಂಗಿ ಅಂತ ಬಾಯಲ್ಲಿ ಅಂದೆ, ಮನಸ್ಸಲ್ಲಿ ಒಂದು ಸಲಾನೂ ಅನ್ನಲಿಲ್ಲ."

"ನಾನೂ..." ಅವಳು ಚೊಂಬು ಅವನ ಕೈಗಿಟ್ಟಳು. "ಅಮ್ಮ ಕೇಳಿದ್ಲು, ತಫಾರಾ. ಅವನದು ಯಾವ ಬೆಡಗು ಅಂತ. ನಾನು ನಿಜ ಹೇಳಿದ್ರೆ ಅವಳೂ ಹೇಳ್ತಿದ್ಲು. ನೀನು ಬರಲೇ ಇಲ್ಲ ಅಂದ್ಕೊಂಡೇ ಹೋಗ್ಬಿಟ್ಲು..."

ಅವನು ಚೊಂಬು ಕೆಳಗಿಟ್ಟ.

"ಸಂಜೆ ಪೆಟ್ಟಿಗೆ ಹೊರುವಾಗ ತಲೆ ಕಡೆ ಹೆಗಲು ನಂದೇ. ಅಮ್ಮನ ಕಿವಿ ಪಕ್ಕಾನೇ ಇರ್ತೀನಿ. ನಾನೇ ಹೇಳ್ತೀನಿ ಅವರಿಗೆ."

"ಏನಂತ?"

"ಬಂದೆ ಅಮ್ಮಾ, ಸ್ವಲ್ಪ ತಡ ಆಯ್ತು... ಅಂತ."